ನಿಮ್ಮಲ್ಲಿ ಆಫ್ರಿಕಾ ಸಾಲದು

ಕಾಗದದ ಮೇಲೆ ನಮ್ಮ ಕೆಲಸಕ್ಕೆ ಮರ್ಯಾದಸ್ಥ ಹೆಸರಿದೆ. ಆರೈಕೆ ಸಹಾಯಕಿ. ನಾವು ನಾವೇ ಕೂತಾಗ ಆ ಹೆಸರು ಯಾರೂ ಎತ್ತಲ್ಲ. ಕುಂಡಿ ಒರೆಸೋರು ಅಂತೀವಿ. ಅಂದುಕೊಂಡು ನಗ್ತೀವಿ. ಜಿಂಬಾಬ್ವೆಯ ಹರಾರೆಯಲ್ಲಿ ಟೀಚರ್ ಆಗಿದ್ದವಳು, ಬ್ಯಾಂಕಿನಲ್ಲಿ ಕೂತಿದ್ದವಳು, ಒಬ್ಬಳಂತೂ ಪೊಲೀಸ್ ಇನ್ಸ್‌ಪೆಕ್ಟರು. ಎಲ್ಲರೂ ಈಗ ಇಂಗ್ಲೆಂಡಿನ ಯಾರ್ಕ್‌ಷೈರಿನ ಥಾರ್ನ್‌ಬಿ ಅನ್ನೋ ಹಳೆ ಗಣಿ ಊರಲ್ಲಿ ಮುದುಕರ ಕುಂಡಿ ಒರೆಸ್ತೀವಿ.

ನನ್ನ ಹೆಸರು ಎಸ್ತೇರಿ. ಈ ಊರಿನ ಜಿಂಬಾಬ್ವೆಯವರೆಲ್ಲ ನನ್ನನ್ನ ಟೆಟೆ ಅಂತಾರೆ. ಟೆಟೆ ಅಂದ್ರೆ ಸೋದರತ್ತೆ. ನಮ್ಮಲ್ಲಿ ಸೋದರತ್ತೆಗೆ ಯಾರನ್ನ ಬೇಕಾದರೂ ಬಯ್ಯೋ ಹಕ್ಕಿದೆ. ನಾನು ಅದನ್ನ ಒಂಚೂರೂ ದಂಡ ಮಾಡಲ್ಲ.

ಶನಿವಾರ ಸಂಜೆ ಮೆಥಡಿಸ್ಟ್ ಚರ್ಚಿನ ಹಾಲಿನಲ್ಲಿ ನಾವು ಸಿನಿಮಾ ಹಾಕ್ತೀವಿ. ಗ್ವಾಟಿ ಮಾವನ ಪ್ರೊಜೆಕ್ಟರು, ನನ್ನ ಮನೆಯ ಬೆಡ್‌ಶೀಟು. ಗ್ವಾಟಿ ಮಾವ ಬಸ್ ಓಡಿಸಿ ರಿಟೈರ್ ಆದವನು, ಈಗ ನಾಲಿಗೆ ಓಡಿಸ್ತಾನೆ. ನೈಜೀರಿಯಾದ ಸಿನಿಮಾ ಹಾಕಿದರೆ ಘಾನಾದವರು ಬೈತಾರೆ. ಸೆನೆಗಲ್‌ದು ಹಾಕಿದರೆ ಎಲ್ಲರೂ ಅಳ್ತಾರೆ. ಎರಿಟ್ರಿಯಾದ ಹುಡುಗಿಯರು ಬರ್ತಾರೆ, ಊಟದ ಆಸೆಗೆ ನಾಲ್ಕೈದು ಬಿಳಿಯರೂ ಬರ್ತಾರೆ. ಬಾಯಿ ಮುಚ್ಚಿಕೊಂಡು ಸಿನಿಮಾ ನೋಡೋ ರೋಗ ನಮಗಿಲ್ಲ. ಪರದೆ ಮೇಲೆ ಗಂಡ ಸುಳ್ಳು ಹೇಳಿದರೆ ಇಲ್ಲಿಂದ ನಾಲ್ಕು ಜನ ಎದ್ದು ನಿಂತು ಹೆಂಡತಿಗೆ ಹೇಳಿಕೊಡ್ತಾರೆ.

ಶುವಾಯ್ ಬಂದಮೇಲೆ ಹಾಲು ಇನ್ನೂ ತುಂಬ್ತು. ಹರಾರೆ ಪಕ್ಕದ ಚಿಟುಂಗ್ವಿಜಾದಲ್ಲಿ ಬೀದಿ ನಾಟಕದ ತಂಡ ಕಟ್ಟಿದ್ದವಳು. ತೆಳ್ಳಗೆ, ಕೋಲಿನ ಹಾಗೆ. ಬಾಯಿ ಮಾತ್ರ ನನಗಿಂತ ಜೋರು. ಸಿನಿಮಾ ಶುರುವಾಗೋಕೆ ಮುಂಚೆ ಎದ್ದು ನಿಂತು ಅದು ಯಾವ ದೇಶದ್ದು, ಮಾಡಿದವರು ಯಾರು, ಯಾಕೆ ನೋಡಬೇಕು ಅಂತ ಹೇಳೋಳು. ಪಕ್ಕದ ಬೀದಿಯ ಅಂಗಡಿಗಳಿಗೆಲ್ಲ ಹೋಗಿ ಪೋಸ್ಟರ್ ಅಂಟಿಸಿ ಬರೋಳು. ನಾನೂ ಅವಳೂ ಕೆಲಸ ಮಾಡ್ತಿದ್ದದ್ದು ಒಂದೇ ಕಡೆ, ಲಾರ್ಕ್‌ಫೆಲ್ ಹೌಸ್ ಅನ್ನೋ ವೃದ್ಧಾಶ್ರಮದಲ್ಲಿ. ವ್ಯತ್ಯಾಸ ಒಂದೇ. ನಾನು ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಈ ದೇಶದ ಪಾಸ್‌ಪೋರ್ಟ್ ಇದೆ. ಅವಳ ವೀಸಾ ಕಂಪನಿಯ ಕೈಲಿತ್ತು. ಕೆಲಸ ಹೋದರೆ ಎರಡು ತಿಂಗಳಲ್ಲಿ ಇನ್ನೊಬ್ಬ ಧಣಿಯನ್ನ ಹುಡುಕಿಕೋಬೇಕು. ಇಲ್ಲ ಅಂದ್ರೆ ಗಂಟು ಮೂಟೆ.

ಆ ಆಶ್ರಮದಲ್ಲಿ ಪಿಕರ್ಸ್‌ಗಿಲ್ ಅನ್ನೋ ಮುದುಕ ಇದ್ದಾನೆ. ಹಳೆ ಗಣಿ ಕೆಲಸಗಾರ. ಬೀರು ಇದ್ದ ಹಾಗಿದ್ದಾನೆ. ಕಾಲಲ್ಲಿ ಬಲ ಇಲ್ಲ. ಅವನನ್ನ ಹಾಸಿಗೆಯಿಂದ ಕುರ್ಚಿಗೆ ಎತ್ತೋಕೆ ಇಬ್ಬರು ಬೇಕು. ಕಂಪನಿ ಹಾಕ್ತಿದ್ದದ್ದು ಒಬ್ಬಳನ್ನ. ಎತ್ತೋ ಯಂತ್ರದ ಬೆಲ್ಟು ಹರಿದು ಮೂಲೆಗೆ ಬಿದ್ದಿತ್ತು.

ಒಂದು ಬೆಳಗ್ಗೆ ಶುವಾಯ್ ಒಬ್ಬಳೇ ಎತ್ತಿದಳು. ಅವನು ಜಾರಿದ. ಬಿಟ್ಟಿದ್ದರೆ ಅವನ ತಲೆ ಕಬ್ಬಿಣದ ಮಂಚಕ್ಕೆ ಬಡೀತಿತ್ತು. ಅವಳು ಬಿಡಲಿಲ್ಲ. ತಾನೇ ಕೆಳಗೆ ನುಗ್ಗಿದಳು. ಅವನು ಅವಳ ಮೇಲೆ ಬಿದ್ದ. ನಾನು ಓಡಿ ಹೋದಾಗ ಅವನ ಕೆಳಗಿಂದ ಎರಡು ಕಾಲು ಮಾತ್ರ ಕಾಣ್ತಿದ್ದವು. ಮುದುಕ ಮಗುವಿನ ಹಾಗೆ ಅಳ್ತಿದ್ದ. "ಕೊಂದುಬಿಟ್ನೇನೇ ಅವಳನ್ನ? ಕೊಂದುಬಿಟ್ನಾ?"

ಸಾಯಲಿಲ್ಲ. ಸೊಂಟ ಹೋಯ್ತು. ಅವನ ತೊಡೆ ಕಂದುಗಟ್ಟಿತು.

ಮ್ಯಾನೇಜರ್ ಗ್ಯಾವಿನ್ ಅವಳನ್ನ ಕರೆದ. ನೀನು ಸರಿಯಾದ ಕ್ರಮದಲ್ಲಿ ಎತ್ತಿಲ್ಲ, ನಿನಗೆ ಮತ್ತೆ ತರಬೇತಿ ಬೇಕು ಅಂದ. ಕಂಪ್ಯೂಟರ್ ಮುಂದೆ ಕೂರಿಸಿ ಒಂದು ವಿಡಿಯೋ ತೋರಿಸಿದ. ರೋಗಿಯನ್ನ ಎತ್ತುವ ಸರಿಯಾದ ವಿಧಾನ.

ಆ ವಿಡಿಯೋದಲ್ಲಿ ಎತ್ತುತ್ತಿದ್ದವರು ಇಬ್ಬರು.

ಶುವಾಯ್ ಅವತ್ತು ಸಂಜೆ ನನ್ನ ಮನೆಯ ನೆಲದ ಮೇಲೆ ಅಂಗಾತ ಮಲಗಿ ಇದನ್ನ ಹೇಳಿದಳು. ಹೇಳ್ತಾ ಹೇಳ್ತಾ ನಗು ಬಂತು. ನಕ್ಕರೆ ಸೊಂಟ ಚುಚ್ಚುತ್ತೆ. ಚುಚ್ಚಿದರೆ ಕಿರುಚ್ತಾಳೆ. ಕಿರುಚಿ ಮತ್ತೆ ನಗ್ತಾಳೆ. ನಾನು ಬಿಸಿನೀರಿನ ಚೀಲ ಹಿಡಿದುಕೊಂಡು ನಿಂತಿದ್ದೆ.

"ಟೆಟೆ, ಇದನ್ನ ಸಿನಿಮಾ ಮಾಡಣ."

"ಮೊದ್ಲು ಏಳೇ ನೀನು."

"ಎದ್ದಮೇಲೆ ಕೋಪ ಹೋಗಿಬಿಡುತ್ತೆ. ಈಗ್ಲೇ ಬರೆದುಕೋ."

ಮಾಡಿದ್ವಿ. ನನ್ನ ಮನೆಯ ಹಾಲೇ ಆಶ್ರಮ. ಕ್ಯಾಮೆರಾ ಅಂದ್ರೆ ಫೋನು. ನಾನು ಟೈ ಕಟ್ಟಿಕೊಂಡು ಮ್ಯಾನೇಜರ್ ಆದೆ. ಮುದುಕನ ಪಾತ್ರಕ್ಕೆ ಬಿಳಿಯರನ್ನ ಕೇಳಿದ್ವಿ, ಯಾರೂ ಬರಲಿಲ್ಲ. ಗ್ವಾಟಿ ಮಾವ ಮುಂದೆ ಬಂದ. ಮುಖಕ್ಕೆ, ಬೋಳುತಲೆಗೆ, ಕಿವಿಗೆಲ್ಲ ಬಿಳಿ ಮೆಕ್ಕೆಜೋಳದ ಹಿಟ್ಟು ಮೆತ್ತಿಕೊಂಡ. ಬೆವೆತಾಗ ಮುದ್ದೆ ಆಗೋದು. ಹಾಗೇ ಕೆರೆದುಕೊಂಡು ಡೈಲಾಗ್ ಹೇಳೋನು. ಕಂಪನಿ ಒಬ್ಬಳನ್ನೇ ಕಳಿಸುತ್ತೆ, ಅವಳು ಮುದುಕನನ್ನ ಎತ್ತೋಕೆ ಬೀದಿಯಲ್ಲಿ ಹೋಗೋರನ್ನೆಲ್ಲ ಕರೀತಾಳೆ. ಪೋಸ್ಟ್‌ಮ್ಯಾನು, ಪಾದ್ರಿ, ಮನೆ ಕದಿಯೋಕೆ ಬಂದ ಕಳ್ಳ. ಕೊನೆಗೆ ಕಳ್ಳನೇ ಚೆನ್ನಾಗಿ ಎತ್ತುತ್ತಾನೆ. ಅಷ್ಟರಲ್ಲಿ ಮ್ಯಾನೇಜರ್ ಬಂದು ಕಳ್ಳನಿಗೆ ಸಮವಸ್ತ್ರ ಕೊಟ್ಟು ಅವಳನ್ನ ಮನೆಗೆ ಕಳಿಸ್ತಾನೆ. ಆಮೇಲೆ ಎತ್ತೋಕೆ ಉಳಿದವನು ಮತ್ತೆ ಒಬ್ಬನೇ, ಆ ಕಳ್ಳ. ಮುದುಕ ಅವನ ಮೇಲೆ ಬೀಳ್ತಾನೆ. ನಡುವೆ ನಮ್ಮ ಹೆಂಗಸರು ಅಡುಗೆ ಮನೆಯಲ್ಲಿ ಹಾಡು ಹೇಳೋದೂ ಇದೆ. ಅಷ್ಟೇ ಸಿನಿಮಾ.

ಮೆಥಡಿಸ್ಟ್ ಹಾಲಿನಲ್ಲಿ ಮೊದಲ ಸಲ ಹಾಕಿದಾಗ ನಮ್ಮ ಹೆಂಗಸರು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದರು. ನಗು ಯಾವಾಗ ಅಳು ಆಯ್ತೋ ಅವರಿಗೇ ಗೊತ್ತಾಗಲಿಲ್ಲ. ಎಲ್ಲರ ಸೊಂಟಕ್ಕೂ ಒಂದೊಂದು ಪಿಕರ್ಸ್‌ಗಿಲ್ ಇದ್ದ.

ಊರಿನಲ್ಲಿ ವರ್ಷಕ್ಕೊಮ್ಮೆ ಆಫ್ರಿಕಾ ವಾರ ಅಂತ ಒಂದು ನಡೆಯುತ್ತೆ. ಅದನ್ನ ನಡೆಸೋ ಸಮಿತಿಯಲ್ಲಿ ಆಫ್ರಿಕಾದವರು ಯಾರೂ ಇಲ್ಲ. ಅಧ್ಯಕ್ಷೆ ರೋಸ್ಮಂಡ್. ಎರಡು ಸಲ ಕೀನ್ಯಾಗೆ ಹೋಗಿ ಸಿಂಹ ನೋಡಿಕೊಂಡು ಬಂದವಳು. ಕತ್ತಿನಲ್ಲಿ ಗೋಲಿಯಷ್ಟು ದಪ್ಪ ಮಣಿ. ಆ ವರ್ಷ ದುಡ್ಡು ಕೊಟ್ಟವರು ಲಾರ್ಕ್‌ಫೆಲ್ ಕಂಪನಿ. ನಮಗೆ ಗೊತ್ತಿರಲಿಲ್ಲ. ಶುವಾಯ್ ಸಿನಿಮಾ ಕಳಿಸಿದಳು. ನಮ್ಮನ್ನ ಮಾತಾಡೋಕೆ ಕರೆದರು. ನಾನು, ಶುವಾಯ್, ಗ್ವಾಟಿ ಮಾವ ಹೋದ್ವಿ.

"ನಮಗೆ ತುಂಬಾ, ತುಂಬಾ ಇಷ್ಟ ಆಯ್ತು," ಅಂದಳು ರೋಸ್ಮಂಡ್. ಎರಡು ಸಲ ತುಂಬಾ ಅಂದ್ರೆ ಬೇಡ ಅಂತ ಅರ್ಥ. ಈ ದೇಶದಲ್ಲಿ ಅಷ್ಟು ಕಲಿತಿದೀನಿ. "ಆದ್ರೆ ಒಂದು ಸಣ್ಣ ತೊಂದರೆ. ಇದರಲ್ಲಿ ಆಫ್ರಿಕಾ ಎಲ್ಲಿದೆ?"

"ನಾನಿದೀನಲ್ಲಮ್ಮ," ಅಂದ ಗ್ವಾಟಿ ಮಾವ.

"ಅದು ಸರಿ. ಆದ್ರೆ ಆ ನೆಲ, ಆಕಾಶ, ಹಳ್ಳಿ, ಡೋಲು... ನೋಡೋರಿಗೆ ನಿಮ್ಮ ಸಿನಿಮಾದಲ್ಲಿ ಆಫ್ರಿಕಾ ಸಾಲದು ಅನ್ನಿಸಬಹುದು."

"ಇದು ನಮ್ಮ ಬದುಕು," ಅಂದಳು ಶುವಾಯ್. "ನಾವಿರೋದು ಥಾರ್ನ್‌ಬಿಯಲ್ಲಿ. ಆಕಾಶ ಇಲ್ಲೂ ಇದೆ, ಬೂದಿ ಬಣ್ಣದ್ದು."

ರೋಸ್ಮಂಡ್ ಮಣಿ ತಿರುವಿದಳು. "ಇನ್ನೊಂದು ವಿಷಯ. ನಿಮ್ಮವರೊಬ್ಬರು ಮುಖಕ್ಕೆ ಬಿಳಿ ಬಳಕೊಂಡಿದಾರೆ. ಕೆಲವರಿಗೆ ನೋವಾಗುತ್ತೆ."

"ನನಗೇ ನೋವಾಯ್ತು," ಅಂದ ಗ್ವಾಟಿ ಮಾವ. "ಕಣ್ಣೊಳಗೆ ಹಿಟ್ಟು ಹೋಯ್ತು."

ಯಾರೂ ನಗಲಿಲ್ಲ. ನಾನು ನಕ್ಕೆ.

ಕೊನೆಗೆ ಒಪ್ಪಂದ ಆಯ್ತು. ಎತ್ತೋದು, ಬೀಳೋದು, ಮ್ಯಾನೇಜರು, ಹಿಟ್ಟು, ಎಲ್ಲ ಕತ್ತರಿಸಬೇಕು. ಹೆಂಗಸರು ಅಡುಗೆ ಮನೆಯಲ್ಲಿ ಹಾಡು ಹೇಳೋ ಎಂಟು ನಿಮಿಷ ಮಾತ್ರ ತೋರಿಸ್ತಾರೆ. ಅದಕ್ಕೆ ಬದಲಾಗಿ ನಾವು ಇನ್ನೂರು ಜನಕ್ಕೆ ಅಡುಗೆ ಮಾಡಬೇಕು. ಸ್ವಯಂಸೇವೆ. ಕುಣಿದರೆ ಇನ್ನೂ ಸಂತೋಷ.

ಹೊರಗೆ ಬಂದಮೇಲೆ ನಾನು ಬೈದೆ. "ಆ ಎಂಟು ನಿಮಿಷ ತಗೊಂಡು ಅವಳ ಮಣಿಸರಕ್ಕೆ ಪೋಣಿಸು ಅನ್ನಬೇಕಾಗಿತ್ತು."

"ಇರಲಿ ಟೆಟೆ. ಎಂಟು ನಿಮಿಷವಾದ್ರೂ ನೋಡ್ಲಿ. ನೋಡಿದೋರು ಉಳಿದದ್ದೆಲ್ಲಿ ಅಂತ ಕೇಳ್ತಾರೆ."

ಅವಳಿಗೆ ಆಸೆ ಇತ್ತು. ಆಸೆ ಇರೋರಿಗೆ ನನ್ನ ಬೈಗುಳ ತಾಗಲ್ಲ.

ಕಾರ್ಯಕ್ರಮದ ದಿನ ಬೆಳಕು ಹರಿಯೋ ಹೊತ್ತಿಗೆ ನಾವು ಟೌನ್ ಹಾಲಿನ ಅಡುಗೆ ಮನೆಯಲ್ಲಿದ್ವಿ. ಮುಂದಿನ ಬಾಗಿಲಿಗೆ ಹೋದರೆ ಕೋಟು ಹಾಕಿಕೊಂಡವನೊಬ್ಬ ತಡೆದ. "ಸ್ವಯಂಸೇವಕರು ಹಿಂದಿನಿಂದ." ಹಿಂದೆ ಕಸದ ಡಬ್ಬಗಳ ನಡುವೆ ದಾರಿ. ಸೊಪ್ಪಿಗೆ ಕಡಲೆಕಾಯಿ ಅರೆದು ಹಾಕಿದ್ವಿ. ಕೋಳಿ ಬೇಯಿಸಿದ್ವಿ. ಆಮೇಲೆ ಸಾಡ್ಜಾ. ಸಾಡ್ಜಾ ಅಂದ್ರೆ ಬಿಳಿ ಮೆಕ್ಕೆಜೋಳದ ಮುದ್ದೆ. ಇನ್ನೂರು ಜನರ ಮುದ್ದೆ ತಿರುವೋದು ಅಂದ್ರೆ ಆಟ ಅಲ್ಲ. ದೋಣಿ ಹುಟ್ಟಿನಂಥ ಮರದ ಕೋಲು. ತೋಳು ಕಿತ್ತು ಬರುತ್ತೆ. ಹಬೆ ಮುಖ ಸುಡುತ್ತೆ. ಶುವಾಯ್ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ತಿರುವ್ತಿದ್ದಳು. ಬೇಡ ಅಂದರೂ ಕೇಳಲಿಲ್ಲ. ಪ್ರತಿ ಸುತ್ತಿಗೂ ತುಟಿ ಕಚ್ತಿದ್ದಳು.

ಗೋಡೆಯ ಆಚೆ ಭಾಷಣ. ಗ್ಯಾವಿನ್ ಮೈಕಿನಲ್ಲಿ ಹೇಳ್ತಿದ್ದ. ನಮ್ಮ ಆಫ್ರಿಕನ್ ಸಿಬ್ಬಂದಿ ನಮ್ಮ ಕುಟುಂಬದ ಹಾಗೆ, ಅಂತ. ಚಪ್ಪಾಳೆ. ಆಮೇಲೆ ಸಿನಿಮಾ. ಇದೇ ಊರಿನ ನಿವೃತ್ತ ದಂತವೈದ್ಯನೊಬ್ಬ ಬೋಟ್ಸ್ವಾನಾದಲ್ಲಿ ಆನೆಗಳನ್ನ ತೆಗೆದ ಸಿನಿಮಾ. ಆನೆ ನೀರು ಕುಡೀತು. ಆನೆ ಮರ ಮುರೀತು. ನಾವು ಮುದ್ದೆ ತಿರುವಿದ್ವಿ. ಆನೆ ಇನ್ನೂ ಮುಗಿಯಲಿಲ್ಲ.

ರೋಸ್ಮಂಡ್ ಅಡುಗೆ ಮನೆಗೆ ಓಡಿ ಬಂದಳು. ಕೈಲಿ ಚಿರತೆ ಚುಕ್ಕೆಯ ಬಟ್ಟೆಯ ಗಂಟು.

"ಬೇಗ ಇದನ್ನ ಸುತ್ತಿಕೊಳ್ಳಿ. ಈಗ ನಿಮ್ಮ ಕುಣಿತ."

"ನನ್ನ ಸಿನಿಮಾ?" ಅಂದಳು ಶುವಾಯ್.

"ಆನೆ ಸ್ವಲ್ಪ ಉದ್ದ ಆಗಿಬಿಡ್ತು. ಮುಂದಿನ ವರ್ಷ ಖಂಡಿತ."

"ಎಂಟು ನಿಮಿಷ."

"ಜನಕ್ಕೆ ಹಸಿವಾಗಿದೆ. ನೋಡಿ, ಒಂದು ಹಾಡಿಗೆ ಸಾಕು."

"ನನಗೆ ಸೊಂಟ ನೋವಿದೆ. ಕುಣಿಯೋಕಾಗಲ್ಲ."

"ಹಾಗಾದ್ರೆ ನಿಂತುಕೊಂಡು ಆ ಸದ್ದು ಮಾಡಿ ಸಾಕು. ನಾಲಿಗೆ ಆಡಿಸಿ ಮಾಡ್ತೀರಲ್ಲ, ಅದು."

ನಮ್ಮಲ್ಲಿ ಆ ಸದ್ದು ಮಾಡೋದು ಮಗು ಹುಟ್ಟಿದಾಗ. ಮದುವೆ ಹೆಣ್ಣು ಹೊಸ್ತಿಲು ದಾಟಿದಾಗ. ಆನೆ ಸಿನಿಮಾ ಮುಗಿದಿದ್ದಕ್ಕೆ ಅಲ್ಲ.

ಶುವಾಯ್ ಕೋಲು ಪಾತ್ರೆಯಲ್ಲಿ ನಿಲ್ಲಿಸಿದಳು. ಚಿರತೆ ಬಟ್ಟೆ ತಗೊಂಡಳು. ಅದರಲ್ಲಿ ಕೈ ಒರೆಸಿಕೊಂಡಳು. ಬೆರಳು ಬೆರಳು ಬಿಡಿಸಿ, ನಿಧಾನವಾಗಿ. ಮುಖದ ಬೆವರೂ ಒರೆಸಿದಳು. ಬಟ್ಟೆಯನ್ನ ರೋಸ್ಮಂಡ್‌ಗೆ ವಾಪಸ್ ಕೊಟ್ಟು ಸೀದಾ ವೇದಿಕೆಗೆ ನಡೆದಳು. ನಾನು ಹಿಂದೆ ಓಡಿದೆ. ಅವಳ ಏಪ್ರನ್ ತುಂಬ ಮುದ್ದೆ ಮೆತ್ತಿತ್ತು. ಜನ ಅದೂ ಕಾರ್ಯಕ್ರಮ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಅವಳು ಮೈಕ್ ಹಿಡಿದಳು.

"ನಮಸ್ಕಾರ. ನಾನು ಕುಣಿಯಲ್ಲ. ನನ್ನ ಸೊಂಟ ಮುರಿದಿದೆ. ಹೇಗೆ ಮುರೀತು ಅಂತ ಒಂದು ಸಿನಿಮಾ ಮಾಡಿದೀವಿ. ಅದನ್ನ ಇಲ್ಲಿ ಹಾಕಲ್ಲವಂತೆ. ನಮ್ಮಲ್ಲಿ ಆಫ್ರಿಕಾ ಸಾಲದಂತೆ. ಆನೇಲಿ ಜಾಸ್ತಿ ಇದೆಯಂತೆ. ಆನೆ ನಿಮಗೆ ಅಡುಗೆ ಮಾಡುತ್ತೆ, ಕೂತಿರಿ. ನಮ್ಮ ಸಿನಿಮಾ ಚೌಕದ ಆಚೆ ಮೆಥಡಿಸ್ಟ್ ಹಾಲಿನಲ್ಲಿ. ಊಟನೂ ಅಲ್ಲೇ."

ನಾನು ತಿರುಗಿ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕಡೆ ನೋಡಿದೆ. ಏನೂ ಹೇಳಬೇಕಾಗಲಿಲ್ಲ. ಒಲೆ ಆರಿತು. ಒಂದೊಂದು ಹಂಡೆಗೆ ಇಬ್ಬಿಬ್ಬರು ಕೈ ಹಾಕಿದರು. ಹಿಂದಿನ ಬಾಗಿಲಿಂದ ಅಲ್ಲ. ಸಭೆಯ ನಡುವೆ, ಕುರ್ಚಿ ಸಾಲುಗಳ ಮಧ್ಯೆ, ಮೊದಲ ಸಾಲಿನಲ್ಲಿ ಕೂತಿದ್ದ ಗ್ಯಾವಿನ್‌ನ ಮೂಗಿನ ಮುಂದೆ ಕೋಳಿ ಸಾರಿನ ಹಬೆ ಬಿಡ್ತಾ ಹೋದ್ವಿ. ಬಾಗಿಲ ಬಳಿಯ ಕೋಟಿನವನು ದಾರಿ ಬಿಟ್ಟ. ಬಿಡದೆ ಇನ್ನೇನು, ಹಂಡೆ ಬಿಸಿ ಇತ್ತು.

ಸಂತೆ ಚೌಕದಲ್ಲಿ ನಾವು ಹಂಡೆ ಹೊತ್ತು ನಡೆದ್ವಿ. ಹಿಂದೆ ತಿರುಗಿ ನೋಡಿದರೆ ಊರೇ ಬರ್ತಿತ್ತು. ಸಿನಿಮಾ ಪ್ರೇಮ ಅಂತ ನಾನು ಸುಳ್ಳು ಹೇಳಲ್ಲ. ಹಸಿದಿದ್ದರು. ಅವರ ಜೊತೆ ಗ್ಯಾವಿನ್‌ನೂ ಬಂದ.

ಮೊದಲು ಸಿನಿಮಾ, ಆಮೇಲೆ ಊಟ ಅಂತ ನಾನು ಹಂಡೆ ಮುಂದೆ ಕೈಕಟ್ಟಿ ನಿಂತೆ. ಗ್ವಾಟಿ ಮಾವ ಬೆಡ್‌ಶೀಟ್ ಕಟ್ಟಿದ. ಸಿನಿಮಾ ಶುರುವಾಯ್ತು. ಮುಖಕ್ಕೆ ಹಿಟ್ಟು ಮೆತ್ತಿಕೊಂಡ ಗ್ವಾಟಿ ಮಾವ ಪರದೆ ಮೇಲೆ ಬಂದ ತಕ್ಷಣ ಬಿಳಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬಹುದಾ ಅಂತ. ಮುಂದೆ ಕೂತಿದ್ದ ಒಬ್ಬ ಮುದುಕಿ ಗೊಳ್ಳಂತ ನಕ್ಕಳು. ಅಲ್ಲಿಂದ ಕಟ್ಟೆ ಒಡೀತು.

ಮುದುಕ ಬೀಳೋ ದೃಶ್ಯ ಮುಗಿದು ದೀಪ ಹಾಕಿದಾಗ ಮಧ್ಯದ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಸೂಪರ್ ಮಾರ್ಕೆಟ್ಟಿನ ಸಮವಸ್ತ್ರದಲ್ಲೇ ಬಂದಿದ್ದಳು. ನನಗೆ ಗುರುತಾಯ್ತು. ಲಿಂಡ್ಸೆ. ಪಿಕರ್ಸ್‌ಗಿಲ್‌ನ ಮಗಳು.

"ಇದು ನಮ್ಮಪ್ಪನಾ?" ಅಂದಳು. "ತಾನೇ ಏಳೋಕೆ ಹೋಗಿ ಬಿದ್ದರು ಅಂತ ಆಶ್ರಮದವರು ನನಗೆ ಹೇಳಿದ್ರು. ತೊಡೆಯೆಲ್ಲ ಕಪ್ಪಗಿತ್ತು. ನಾನು ಅಪ್ಪನ್ನೇ ಬೈದೆ, ಯಾಕೆ ಎದ್ದೆ ಅಂತ. ಹೇಳಿ, ಇದು ನಮ್ಮಪ್ಪನಾ?"

ಬಾಗಿಲ ಬಳಿಯಿಂದ ಗ್ಯಾವಿನ್ ಮುಂದೆ ಬಂದ. ದನಿ ಮೆತ್ತಗಿತ್ತು.

"ಶುವಾಯ್, ಇದು ಕಟ್ಟುಕಥೆ ಅಂತ ಅವರಿಗೆ ಹೇಳು. ನಿನ್ನ ವೀಸಾ ಯಾರ ಕೈಲಿದೆ ಅನ್ನೋದನ್ನ ಯೋಚನೆ ಮಾಡಿ ಮಾತಾಡು."

ನನ್ನ ಬಾಯಿ ತೆರೀತು. ನನ್ನನ್ನ ಯಾರೂ ದೇಶ ಬಿಡಿಸೋಕಾಗಲ್ಲ, ನಾನೇ ಹೇಳ್ತೀನಿ ಅಂದುಕೊಂಡೆ. ಶುವಾಯ್ ನನ್ನ ಮೊಣಕೈ ಹಿಡಿದು ಅದುಮಿದಳು. ಹರಾರೆಯಲ್ಲಿ ಅವಳ ತಾಯಿ ಇದ್ದಳು. ಶಾಲೆಗೆ ಹೋಗೋ ಇಬ್ಬರು ಮಕ್ಕಳಿದ್ದರು. ಇವಳು ಕಳಿಸೋ ಹಣವೇ ಅವರ ಒಲೆ.

"ನಿಮ್ಮಪ್ಪ ತಾನಾಗೇ ಏಳಲಿಲ್ಲಮ್ಮ," ಅಂದಳು ಲಿಂಡ್ಸೆಗೆ. "ನಾನು ಎತ್ತಿದೆ. ಒಬ್ಬಳೇ ಎತ್ತಿದೆ. ಜೊತೆಗೆ ಯಾರನ್ನೂ ಹಾಕಿರಲಿಲ್ಲ, ಬೆಲ್ಟು ಹರಿದಿತ್ತು. ನಿಮ್ಮಪ್ಪ ನನ್ನ ಮೇಲೆ ಬಿದ್ದರು. ಬಿದ್ದು, ನನಗಾಗಿ ಅತ್ತರು. ಅವರನ್ನ ಬೈಬೇಡಿ." ಆಮೇಲೆ ಗ್ಯಾವಿನ್ ಕಡೆ ತಿರುಗಿದಳು. "ಯೋಚನೆ ಮಾಡೇ ಮಾತಾಡಿದೀನಿ."

ಲಿಂಡ್ಸೆ ಅಳಲಿಲ್ಲ. ಬ್ಯಾಗ್ ತಗೊಂಡು ಗ್ಯಾವಿನ್ ಎದುರಿಗೆ ಹೋಗಿ ನಿಂತಳು. ಅವಳು ಏನಂದಳು ಅಂತ ಇಲ್ಲಿ ಬರೆಯೋಕಾಗಲ್ಲ. ಚರ್ಚಿನ ಹಾಲು ಅದು. ಪಾದ್ರಿ ನೆಲ ನೋಡಿಕೊಂಡು ನಿಂತಿದ್ದ. ಆದರೆ ಬೇಡ ಅನ್ನಲಿಲ್ಲ.

ನನ್ನ ಜುಟ್ಟು ಕಂಪನಿಯ ಕೈಲಿರಲಿಲ್ಲ, ನನ್ನನ್ನ ಮುಟ್ಟಲಿಲ್ಲ. ಸೋಮವಾರ ಶುವಾಯ್ ಕೆಲಸ ಹೋಯ್ತು. ಕಂಪನಿಯ ಹೆಸರು ಕೆಡಿಸಿದಳು ಅನ್ನೋದು ಕಾರಣ. ಹೆಸರು ಅಂತ ಒಂದು ಇತ್ತು ಅನ್ನೋದೇ ನನಗೆ ಸುದ್ದಿ.

ಮುಂದಿನ ದಿನಗಳಲ್ಲಿ ನಾಟಕ ಇಲ್ಲ. ಅವಳು ನನ್ನ ಸೋಫಾ ಪಕ್ಕದ ನೆಲದಲ್ಲಿ ಮಲಗಿ ಫೋನ್ ಮಾಡೋಳು. ಯಾವ ಆಶ್ರಮಕ್ಕೆ ಮಾಡಿದರೂ ಅದೇ ಪ್ರಶ್ನೆ, ಹಳೇ ಕೆಲಸ ಯಾಕೆ ಬಿಟ್ರಿ? ನಿಜ ಹೇಳೋಳು. ಆ ಕಡೆ ಫೋನ್ ಇಡೋರು. ಸುಳ್ಳು ಹೇಳೇ ಮಾರಾಯ್ತಿ ಅಂತ ನಾನು ಗದರಿಸಿದೆ. ಆಮೇಲೆ ಮಕ್ಕಳಿಗೆ ವಿಡಿಯೋ ಕಾಲ್ ಮಾಡಿ, ಎಲ್ಲ ಚೆನ್ನಾಗಿದೆ ಅಂತ ನಕ್ಕಳು. ಆ ಸುಳ್ಳು ಚೆನ್ನಾಗೇ ಬರ್ತಿತ್ತು. ಫೋನ್ ಇಟ್ಟಮೇಲೆ ಗೋಡೆ ಕಡೆ ತಿರುಗಿ ಮಲಗೋಳು. ನಾನು ಅವಳ ಬೆನ್ನಿಗೆ ಎಣ್ಣೆ ತಿಕ್ತಿದ್ದೆ. ಬೈಯೋಕೆ ಏನೂ ಹೊಳೀತಿರಲಿಲ್ಲ.

ಗಡುವು ಮುಗಿಯೋಕೆ ಮುಂಚೆ ಕಡಲ ದಂಡೆಯ ಒಂದೂರಿನಲ್ಲಿ ಕೆಲಸ ಸಿಕ್ಕಿತು. ನಡೆಸೋಳು ಘಾನಾದವಳು. ನಾವೆಲ್ಲ ಒಂದೇ ಅಂತ ತಬ್ಬಿಕೊಂಡು ಸಂಬಳ ಕಮ್ಮಿ ಮಾಡಿದಳು. ಶುವಾಯ್ ಹೋದಳು. ಸಿನಿಮಾ ಅವಳಿಗಿಂತ ಜಾಸ್ತಿ ಊರು ತಿರುಗ್ತು. ಲೆಸ್ಟರ್, ಕವೆಂಟ್ರಿ, ಲೂಟನ್. ಚರ್ಚಿನ ಹಾಲು, ಸಲೂನು, ಒಂದು ಕಡೆ ಟೈರ್ ಗೋದಾಮು. ಎಲ್ಲೆಲ್ಲಿ ನಮ್ಮವರ ಸೊಂಟ ನೋಯುತ್ತೋ ಅಲ್ಲೆಲ್ಲ ಕರೀತಾರೆ. ಈಗ ಅವಳು ಎರಡನೇ ಸಿನಿಮಾ ಬರೀತಿದಾಳೆ. ಅದು ಘಾನಾದವಳ ಬಗ್ಗೆ.

ಲಿಂಡ್ಸೆ ದೂರು ಕೊಟ್ಟಿದ್ದಳು. ಲಾರ್ಕ್‌ಫೆಲ್‌ಗೆ ಸರ್ಕಾರದ ತಪಾಸಣೆಯವರು ಬಂದರು. ಹೊಸ ಬೆಲ್ಟು ಬಂತು. ಗೋಡೆ ಮೇಲೆ ಕೆಂಪಕ್ಷರದಲ್ಲಿ ನಿಯಮ ಬಂತು. ಗ್ಯಾವಿನ್ ಮಾತ್ರ ಇದ್ದಲ್ಲೇ ಇದ್ದ. ಅಂಥವರು ಎಲ್ಲಿಗೂ ಹೋಗಲ್ಲ.

ನಾನು ಪಿಕರ್ಸ್‌ಗಿಲ್‌ನ ಕೋಣೆಗೆ ಹೋದಾಗ ಅವನು ಕೇಳಿದ. "ಆ ಕಡ್ಡಿ ಹುಡುಗಿ ಎಲ್ಲಮ್ಮ? ನನ್ನ ಮೇಲೆ ಒಂದು ಪಿಕ್ಚರ್ ಮಾಡಿದಾಳಂತೆ? ಊರೆಲ್ಲ ನೋಡಿದೆ, ನಾನು ನೋಡಿಲ್ಲ. ಇದೆಂಥ ನ್ಯಾಯ?"

ನ್ಯಾಯ ಅಲ್ಲ ಅಂತ ನನಗೂ ಅನ್ನಿಸ್ತು. ಆಶ್ರಮದಲ್ಲಿ ಆ ಸಿನಿಮಾದ ಹೆಸರೆತ್ತಬಾರದು ಅಂತ ಆಜ್ಞೆ ಇತ್ತು. ಮಧ್ಯಾಹ್ನದ ಟೀ ಹೊತ್ತಿಗೆ ದೊಡ್ಡ ಕೋಣೆಗೆ ಎಲ್ಲ ಮುದುಕ ಮುದುಕಿಯರನ್ನ ತಂದು ಕೂರಿಸಿದ್ವಿ. ಪಿಕರ್ಸ್‌ಗಿಲ್‌ನನ್ನ ಮುಂದಿನ ಕುರ್ಚಿಗೆ ಇಳಿಸಿದ್ವಿ. ನಾನು ಟಿವಿಗೆ ಸಿನಿಮಾ ಹಾಕಿದೆ.

"ಇವನ್ಯಾರು?"

"ನೀವೇ."

"ನನ್ನ ಕಿವಿ ಅಷ್ಟು ದೊಡ್ಡದಾ?"

"ಅದಕ್ಕಿಂತ ದೊಡ್ಡದು."

ಅವನು ಕೆಮ್ಮು ಬರೋ ತನಕ ನಕ್ಕ. ಮುದುಕಿಯರು ಕೋಲು ಕುಟ್ಟಿದರು. ಕಳ್ಳ ಬರೋ ಹೊತ್ತಿಗೆ ಗಲಾಟೆ ಆಫೀಸಿನ ತನಕ ಹೋಗಿತ್ತು. ಗ್ಯಾವಿನ್ ಬಂದ. ಬೆಡ್‌ಶೀಟಲ್ಲ ಈ ಸಲ, ಅವನದೇ ಟಿವಿ. ಅದರಲ್ಲಿ ಟೈ ಕಟ್ಟಿಕೊಂಡ ನಾನು, ಅವನ ಹಾಗೇ ಕತ್ತು ವಾರೆ ಮಾಡಿಕೊಂಡು ಮಾತಾಡ್ತಿದ್ದೆ. ಅವನ ಮುಖ ಬೀಟ್‌ರೂಟ್ ಆಯ್ತು. ಟಿವಿ ಗೋಡೆಯ ಮೇಲೆ ಎತ್ತರದಲ್ಲಿದೆ, ಕೈಗೆ ಎಟುಕಲ್ಲ.

"ಆರಿಸು ಎಸ್ತೇರಿ. ರಿಮೋಟ್ ಎಲ್ಲಿ?"

"ಪಿಕರ್ಸ್‌ಗಿಲ್ ಅವರ ಕುಂಡಿ ಕೆಳಗಿದೆ ಸರ್."

ಮುದುಕ ಕುರ್ಚಿಯಲ್ಲಿ ಇನ್ನಷ್ಟು ಭಾರ ಬಿಟ್ಟು ಕೂತ.

ಗ್ಯಾವಿನ್ ಅಂಗಿಯ ತೋಳು ಮಡಿಸಿಕೊಂಡು ಅವನ ಕಡೆ ಹೆಜ್ಜೆ ಇಟ್ಟ. ನಾನು ಗೋಡೆಯ ಮೇಲಿನ ಕೆಂಪಕ್ಷರ ತೋರಿಸಿದೆ.

"ಒಬ್ಬರೇ ಎತ್ತಬೇಡಿ ಸರ್. ಇಬ್ಬರು ಬೇಕು. ಇನ್ನೊಬ್ಬರು ಸಿಗೋ ತನಕ ಕೂತು ಸಿನಿಮಾ ನೋಡಿ."